ಓದುಗರ ಪ್ರಶ್ನೆ: ಮಳೆಗಾಲದ ಹಿತ್ತಲಿನಲ್ಲಿ ಮೊದಲು ಯಾವ ಕಾಟಕ್ಕೆ ಕೈ ಹಾಕಬೇಕು?

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಿರಿಯರು ಕಟ್ಟಿಸಿದ ಹಳೆಯ ಮನೆ. ಹಿಂದೆ ಸಾಕಷ್ಟು ದೊಡ್ಡ ಹಿತ್ತಲಿದ್ದು, ನುಗ್ಗೆ, ಪಪ್ಪಾಯಿ, ದಾಸವಾಳ, ನಿಂಬೆ ಗಿಡಗಳಿವೆ. ರೋಹಿಣಿ ಮಳೆ ಬಿದ್ದದ್ದೇ ತಡ, ಎಲ್ಲವೂ ಒಟ್ಟಿಗೆ ಶುರುವಾಗಿದೆ. ಹಗಲಿನಲ್ಲೇ ಸೊಳ್ಳೆ ಕಡಿಯುತ್ತಿವೆ. ಒಂದು ಸಂಜೆ ದೀಪದ ಸುತ್ತ ರೆಕ್ಕೆಯ ಗೆದ್ದಲು ಮುತ್ತಿಕೊಂಡವು, ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆಗಳೂ ಕಾಣಿಸಿಕೊಂಡಿವೆ. ಕಂಪೌಂಡ್ ಗೋಡೆಯ ತುಂಬ ದೊಡ್ಡ ಬಸವನಹುಳುಗಳು, ದಾಸವಾಳ ಮತ್ತು ಪಪ್ಪಾಯಿಗೆ ಹತ್ತಿಯಂತಹ ಬಿಳಿ ಹುಳು, ನುಗ್ಗೆ ಮರಕ್ಕೆ ಕಂಬಳಿಹುಳು. ಬಚ್ಚಲ ಒಲೆಗೆಂದು ಒಟ್ಟಿದ ಕಟ್ಟಿಗೆಯ ಪಕ್ಕದಲ್ಲಿ ಇಲಿ ಬಿಲ ತೋಡಿದೆ. ಒಂದೇ ಸಲ ಎಲ್ಲಕ್ಕೂ ಔಷಧ ಹೊಡೆಸಿಬಿಡೋಣ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಮೊದಲು ಬಸವನಹುಳು ಆರಿಸಿ ಎಂದು ಅತ್ತೆಯವರು ಹೇಳುತ್ತಾರೆ. ನಾನು ನೌಕರಿ ಮಾಡುವವಳು, ಕೈಗೆ ಸಿಗುವುದು ಭಾನುವಾರ ಮಾತ್ರ. ಯಾವುದರಿಂದ ಆರಂಭಿಸಲಿ?

– ಓದುಗರೊಬ್ಬರು, ಧಾರವಾಡ

ಉತ್ತರ: ತಾವು ಪಟ್ಟಿ ಮಾಡಿದ ಆರು ಕಾಟಗಳಲ್ಲಿ ಕಣ್ಣಿಗೆ ಹೆಚ್ಚು ಹೇಸಿಗೆ ಹುಟ್ಟಿಸುವುದು ಬಸವನಹುಳು, ಹೆಚ್ಚು ಗಾಬರಿ ಹುಟ್ಟಿಸುವುದು ದೀಪಕ್ಕೆ ಮುತ್ತಿದ ಗೆದ್ದಲು. ಆದರೆ ಸರದಿಯನ್ನು ಹೇಸಿಗೆಯಿಂದಲೋ ಗಾಬರಿಯಿಂದಲೋ ನಿರ್ಧರಿಸಬಾರದು. ಒಂದು ವಾರ ಸುಮ್ಮನಿದ್ದರೆ ಯಾವುದು ಮನೆಯವರನ್ನು ಆಸ್ಪತ್ರೆಗೆ ಕಳಿಸಬಲ್ಲದು, ಯಾವುದು ತಿಂಗಳು ಕಳೆದರೆ ಸರಿಪಡಿಸಲಾಗದ ಹಾನಿ ಮಾಡಬಲ್ಲದು, ಯಾವುದು ಮಳೆ ಜೋರಾದಂತೆ ತಾನೇ ತಗ್ಗುತ್ತದೆ ಎಂದು ನೋಡಿದರೆ ಸರದಿ ಬೇರೆಯೇ ಆಗುತ್ತದೆ. ಹಾಗೆ ನೋಡಿದಾಗ ನಿಮ್ಮ ಮೊದಲ ಭಾನುವಾರ ಸೊಳ್ಳೆಗೆ, ಅಂದರೆ ನಿಂತ ನೀರಿಗೆ ಮೀಸಲಾಗಬೇಕು.

ಹಗಲು ಕಡಿಯುವ, ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ ಈಡಿಸ್ ಸೊಳ್ಳೆಯೇ ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವುದು. ಇದು ಗಟಾರದ ಕೊಳಚೆಗಿಂತ ಮನೆಯೊಳಗಿನ ತಿಳಿನೀರನ್ನೇ ಹೆಚ್ಚು ಇಷ್ಟಪಡುತ್ತದೆ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಇದೇ ದೊಡ್ಡ ತೊಡಕು. ನಳದ ನೀರು ದಿನಗಟ್ಟಲೆ ಬಿಟ್ಟು ಬರುವುದಕ್ಕೆ ಒಗ್ಗಿಕೊಂಡಿರುವ ನಾವು ಬ್ಯಾರಲ್, ಹಂಡೆ, ಕಲ್ಲಿನ ದೋಣಿ, ಸಿಂಟೆಕ್ಸ್ ಎಲ್ಲವನ್ನೂ ಸದಾ ತುಂಬಿಟ್ಟುಕೊಳ್ಳುತ್ತೇವೆ. ಹೊಸ ನೀರು ಬಂದಾಗ ಹಳೆಯದರ ಮೇಲೆಯೇ ಸುರಿಯುತ್ತೇವೆ, ತಳ ಎಂದೂ ಒಣಗುವುದಿಲ್ಲ. ಈ ಸೊಳ್ಳೆಯಾದರೋ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ಏರಿದ ಕೂಡಲೇ ಒಡೆಯುತ್ತವೆ. ಆದ್ದರಿಂದ ಬ್ಯಾರಲ್ ಬರಿದು ಮಾಡಿ ಬೋರಲು ಹಾಕಿದರಷ್ಟೇ ಸಾಲದು. ತೆಂಗಿನ ನಾರು ಅಥವಾ ಗಟ್ಟಿ ಬ್ರಷ್ ಹಿಡಿದು ಒಳಗಿನ ಅಂಚನ್ನು ಉಜ್ಜಿ ತೊಳೆಯಬೇಕು. ಮೊಟ್ಟೆಯೊಡೆದು ರೆಕ್ಕೆ ಬಲಿತು ಹಾರಲು ನಮ್ಮ ಹವೆಯಲ್ಲಿ 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಉಜ್ಜಿದರೆ ಹುಳು ಸೊಳ್ಳೆಯಾಗುವ ಮುಂಚೆಯೇ ಸರಪಳಿ ಕಡಿಯುತ್ತದೆ, ಹದಿನೈದು ದಿನಕ್ಕೊಮ್ಮೆಯಾದರೆ ಕಡಿಯುವುದಿಲ್ಲ. ನಿಮ್ಮ ಕೈಗೆ ಸಿಗುವ ಭಾನುವಾರದ ಲೆಕ್ಕ ಇದಕ್ಕೆ ಸರಿಯಾಗಿಯೇ ಹೊಂದುತ್ತದೆ.

ಹಿತ್ತಲು ಸುತ್ತುವಾಗ ಒಂದು ಟಾರ್ಚ್ ಇಟ್ಟುಕೊಳ್ಳಿರಿ. ನೀರಿನ ಮೇಲೆ ಬೆಳಕು ಬಿಟ್ಟು ಸ್ವಲ್ಪ ಹೊತ್ತು ಅಲುಗಾಡದೆ ನಿಂತರೆ, ಎಳೆ ದಾರದ ತುಂಡಿನಂತಹ ಹುಳುಗಳು ಉಸಿರಿಗಾಗಿ ಮೇಲ್ಮೈಗೆ ಬಂದು ತಲೆಕೆಳಗಾಗಿ ತೂಗಾಡುವುದು ಕಾಣುತ್ತದೆ. ನಿಮ್ಮ ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕೆ ಇಳಿಯುತ್ತವೆ. ಬ್ಯಾರಲ್ ಎಲ್ಲರ ನೆನಪಿಗೂ ಬರುತ್ತದೆ, ಆದರೆ ಬೇಸಿಗೆಯಲ್ಲಿ ಹಕ್ಕಿಗಳಿಗೆಂದು ಇಟ್ಟ ನೀರಿನ ಬಟ್ಟಲು, ಏಪ್ರಿಲ್-ಮೇ ತಿಂಗಳಲ್ಲಿ ಓಡಿಸಿ ಮಾಳಿಗೆಗೆ ಸಾಗಿಸಿದ ಕೂಲರಿನ ತಳದ ನೀರು, ಫ್ರಿಜ್ಜಿನ ಹಿಂದಿನ ತಟ್ಟೆ, ಕುಂಡಗಳ ಕೆಳಗಿನ ತಟ್ಟೆ, ಕಟ್ಟಿಗೆಗೆ ಹೊದಿಸಿದ ತಾಡಪಾಲಿನ ಮಡಿಕೆ, ತೆಂಗಿನ ಚಿಪ್ಪು, ಹಳೆಯ ಟೈರು ಇವು ಮರೆತುಹೋಗುತ್ತವೆ. ಕೂಲರನ್ನು ನಾನು ವಿಶೇಷವಾಗಿ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನ ಬೇಸಿಗೆಯವರೆಗೆ ಅದರತ್ತ ಯಾರೂ ತಿರುಗಿ ನೋಡುವುದಿಲ್ಲ. ಖಾಲಿ ಮಾಡಲಾಗದ ತೊಟ್ಟಿ, ಬಾವಿಗಳಿಗೆ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು ಬಿಡಬಹುದು; ಆರೋಗ್ಯ ಇಲಾಖೆಯವರನ್ನು ಕೇಳಿದರೆ ದಾರಿ ಹೇಳುತ್ತಾರೆ. ಬ್ಯಾರಲಿನ ಬಾಯಿಗೆ ಬಟ್ಟೆ ಕಟ್ಟುವುದಾದರೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು, ಸಡಿಲವಾಗಿ ಹೊದಿಸಿದ ಸೀರೆ ಸೊಳ್ಳೆಗೆ ಮರೆಯನ್ನಷ್ಟೇ ಒದಗಿಸುತ್ತದೆ.

ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರ್ ದಾಟಿ ಹೋಗುವುದಿಲ್ಲ. ಆದ್ದರಿಂದ ಹಗಲು ಕಡಿಯುವುದು ನಿಮ್ಮ ಹಿತ್ತಲಿನದೋ ಪಕ್ಕದವರದೋ ಆಗಿರುತ್ತದೆ. ಪಕ್ಕದವರಿಗೆ ಹೇಳುವುದು ಮುಜುಗರದ ಕೆಲಸವೆಂಬುದನ್ನು ಬಲ್ಲೆ. ಅಂಥ ಹೊತ್ತಿನಲ್ಲಿ ಕಾನೂನಿನ ಮಾತು ತುಸು ನೆರವಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಮಾಡಿಕೊಡುವ ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200 ರೂಪಾಯಿ ದಂಡ ಗೊತ್ತುಪಡಿಸಿತು. ಓಣಿಯಲ್ಲಿ ಹೊಗೆ ಬಿಡುವ ಗಾಡಿ ಬಂದರೆ ಬರಲಿ, ಆದರೆ ಆ ಹೊಗೆ ಹಾರಾಡುವ ಸೊಳ್ಳೆಯನ್ನು ಕೊಲ್ಲುತ್ತದೆಯೇ ಹೊರತು ನೀರೊಳಗಿನ ಹುಳುವನ್ನೂ ಗೋಡೆಗಂಟಿದ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಎರಡನೆಯದು ಇಲಿಬಿಲವಿರುವ ಆ ಕಟ್ಟಿಗೆಯ ಒಟ್ಟು. ಬಿಲಕ್ಕೆ ನೀರು ಬಿಡುವುದು, ಹೊಗೆ ಹಾಕುವುದು ಇವೆಲ್ಲ ಆಮೇಲಿನ ಮಾತು, ಮೊದಲು ಒಟ್ಟನ್ನೇ ಅಲ್ಲಿಂದ ತೆಗೆಯಬೇಕು. ಇಲಿ ಇದ್ದಲ್ಲಿಗೆ ಅದನ್ನು ಹುಡುಕಿ ನಾಗರಹಾವು, ಕೊಳಕುಮಂಡಲ ಬರುತ್ತವೆ, ಕಟ್ಟಿಗೆಯ ಸಂದಿಯಲ್ಲಿ ಚೇಳೂ ಇರುತ್ತದೆ. ಇಲಿಯ ಮೂತ್ರ ಸೇರಿದ ಮಳೆನೀರಿನಲ್ಲಿ ಗಾಯದ ಕಾಲಿನಿಂದ ಓಡಾಡಿದರೆ ಇಲಿಜ್ವರ ತಗಲುವ ಭಯವೂ ಮಳೆಗಾಲದಲ್ಲಿಯೇ ಹೆಚ್ಚು. ಹಾಡಹಗಲಿನಲ್ಲಿ, ಕಾಲಿಗೆ ಪೂರ್ತಿ ಮುಚ್ಚುವ ಬೂಟು ಹಾಕಿಕೊಂಡು, ಪ್ರತಿ ಕಟ್ಟಿಗೆಯನ್ನೂ ಮೊದಲು ಕೋಲಿನಿಂದ ಹೊರಳಿಸಿ ಆಮೇಲೆ ಕೈ ಹಾಕಬೇಕು. ಮತ್ತೆ ಒಟ್ಟುವಾಗ ಗೋಡೆಗೆ ತಾಗದಂತೆ, ನೆಲದಿಂದ ಒಂದು ಅಡಿಯಷ್ಟು ಎತ್ತರದ ಕಲ್ಲು ಅಥವಾ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಟ್ಟಿದರೆ ಇಲಿಗೆ ಮರೆಯೂ ಉಳಿಯುವುದಿಲ್ಲ, ಗೆದ್ದಲಿಗೆ ಏಣಿಯೂ ಸಿಗುವುದಿಲ್ಲ. ಉಳಿದ ರೊಟ್ಟಿ, ಅನ್ನವನ್ನು ದನಕ್ಕೋ ನಾಯಿಗೋ ಎಂದು ಹಿತ್ತಲಲ್ಲಿ ರಾತ್ರಿಯಿಡೀ ತೆರೆದಿಡುವ ರೂಢಿ ನಿಮ್ಮಲ್ಲಿದ್ದರೆ ಅದನ್ನೂ ನಿಲ್ಲಿಸಿರಿ. ಬಳಿಕ ಇಲಿಬೋನು ಇಡಿರಿ. ವಿಷದ ಬಿಲ್ಲೆಯನ್ನು ನಾನು ಕೊನೆಗೆ ಇಡುತ್ತೇನೆ, ವಿಷ ತಿಂದ ಇಲಿಯನ್ನು ನಾಯಿ, ಬೆಕ್ಕು, ಗೂಗೆ ತಿಂದರೆ ಅವುಗಳ ಜೀವಕ್ಕೂ ಕುತ್ತು. ಹಾವು ಕಂಡರೆ ಹೊಡೆಯಲು ಹೋಗದೆ ಹಾವು ಹಿಡಿಯುವವರನ್ನು ಕರೆಯಿಸಿರಿ. ಕಡಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕಡಿದ ಅಂಗವನ್ನು ಅಲುಗಾಡಿಸದಂತೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು ಗೆದ್ದಲು. ದೀಪಕ್ಕೆ ಬಂದ ರೆಕ್ಕೆಯ ಗೆದ್ದಲು ಮನೆಯ ಮರವನ್ನು ತಿನ್ನಲು ಬಂದುದಲ್ಲ. ಮೊದಲ ಮಳೆಗೆ ಬಲಿತ ಗೂಡಿನಿಂದ ಜೋಡಿ ಹುಡುಕಿ ಹೊರಟ ಅವುಗಳಲ್ಲಿ ಬಹುಪಾಲು ಮರುದಿನ ಬೆಳಿಗ್ಗೆ ರೆಕ್ಕೆ ಉದುರಿಸಿ ಇರುವೆ, ಹಲ್ಲಿ, ಕಪ್ಪೆಗಳಿಗೆ ಆಹಾರವಾಗುತ್ತವೆ. ದೀಪ ಆರಿಸಿ ಕಿಟಕಿ ಮುಚ್ಚಿದರೆ ಸಾಕು. ಚಿಂತಿಸಬೇಕಾದುದು ಚೌಕಟ್ಟಿನ ಮೇಲಿನ ಮಣ್ಣಿನ ಗೆರೆಯ ಬಗ್ಗೆ. ಅದನ್ನು ಒಮ್ಮೆಲೇ ಕೆರೆದು ಹಾಕಬೇಡಿರಿ. ನಡುವೆ ಒಂದು ಅಂಗುಲದಷ್ಟು ಮಾತ್ರ ಒಡೆದು, ಎರಡು ದಿನ ಬಿಟ್ಟು ನೋಡಿರಿ. ಒಡೆದ ಜಾಗದಲ್ಲಿ ಹಸಿ ಮಣ್ಣಿನ ಹೊಸ ತೇಪೆ ಕಂಡರೆ ಒಳಗೆ ಓಡಾಟ ನಡೆದಿದೆ ಎಂದರ್ಥ, ಒಣಗಿ ಹಾಗೆಯೇ ಉಳಿದಿದ್ದರೆ ಹಳೆಯ ದಾರಿ. ಜೊತೆಗೆ ಚಾವಿಯ ತುದಿಯಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಹೋಗಿ, ಪೊಳ್ಳು ಸದ್ದು ಎಲ್ಲಿಯವರೆಗೆ ಕೇಳುತ್ತದೆ ನೋಡಿರಿ. ಹಳೆಯ ಸಾಗುವಾನಿಯ ತಿರುಳು ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ನಡುವೆ ಎಂದೋ ರಿಪೇರಿಗೆ ಸೇರಿಸಿದ ಅಗ್ಗದ ಮರ ಬೇಗ ಹೋಗುತ್ತದೆ. ಅಡುಗೆಮನೆಯ ಗೋಡೆಯಲ್ಲಿ ಪೈಪು ಸೋರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು, ತೇವವಿಲ್ಲದೆ ನೆಲದ ಗೆದ್ದಲು ಬಾಳಲಾರದು.

ಓಡಾಟ ಖಚಿತವಾದರೆ ನಿಮ್ಮ ಯಜಮಾನರ ಮಾತು ಇಲ್ಲಿ ಸರಿ: ಇದಕ್ಕೆ ಮಾತ್ರ ತಿಳಿದವರನ್ನು ಕರೆಯಿಸಿ ಹಣ ಖರ್ಚು ಮಾಡಬೇಕು. ಹಿತ್ತಲಿನಲ್ಲಿ ಬಾವಿ ಅಥವಾ ಬೋರ್‌ವೆಲ್ ಇದ್ದರೆ ಅದು ಎಷ್ಟು ದೂರದಲ್ಲಿದೆಯೆಂದು ಮೊದಲೇ ಹೇಳಿ, ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಬರೆಸಿಕೊಳ್ಳಿರಿ. ಈ ಕೆಲಸ ಇದೇ ವಾರ ಆಗಬೇಕೆಂದಿಲ್ಲ, ಆದರೆ ಶ್ರಾವಣದವರೆಗೆ ತಳ್ಳಬಾರದು. ಮನೆಯ ಗೋಡೆಯಿಂದ ದೂರ, ಹಿತ್ತಲ ಮೂಲೆಯಲ್ಲಿ ಒಣ ಎಲೆ ತಿನ್ನುತ್ತಿರುವ ಗೆದ್ದಲನ್ನು ಅದರ ಪಾಡಿಗೆ ಬಿಡಬಹುದು. ಪಂಚಮಿಯ ದಿನ ನಾವು ಹಾಲೆರೆಯುವ ಹುತ್ತವನ್ನು ಕಟ್ಟಿದ್ದು ನಾಗಪ್ಪನಲ್ಲ, ಈ ಗೆದ್ದಲೇ.

ಇನ್ನು ಬಸವನಹುಳು. ನಿಮ್ಮ ಅತ್ತೆಯವರು ಹೇಳುವುದರಲ್ಲಿ ದೊಡ್ಡ ಹುರುಳಿದೆ. ನೀವು ವರ್ಣಿಸಿದ್ದು ಆಫ್ರಿಕನ್ ದೈತ್ಯ ಬಸವನಹುಳು ಇರಬೇಕು. ಬೇಸಿಗೆಯಿಡೀ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಿನಲ್ಲಿ, ಕಲ್ಲಿನ ಸಂದಿಯಲ್ಲಿ ಮಲಗಿದ್ದು, ಮಳೆಗೆ ಎದ್ದು ಬಂದು, ಒಂದೊಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮೊಟ್ಟೆಯಿಡುವ ಮುಂಚೆ, ಅಂದರೆ ಮಿರಗ ಮಳೆಯ ದಿನಗಳಲ್ಲಿ ಆರಿಸಿದ ಒಂದು ಹುಳು ಆಮೇಲೆ ಆರಿಸುವ ನೂರಕ್ಕೆ ಸಮ. ಆದರೆ ಇದಕ್ಕೆ ಭಾನುವಾರ ಬೇಕಿಲ್ಲ. ಹಗಲು ಅವು ಅಡಗಿರುತ್ತವೆ. ಸಂಜೆ ನೆನೆಸಿದ ಗೋಣಿಚೀಲವನ್ನು ಕಂಪೌಂಡಿನ ಬುಡಕ್ಕೆ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಹೊರ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲಿಯೇ ಗುಂಪಾಗಿ ಸಿಗುತ್ತವೆ. ಅತ್ತೆಯವರೇ ಮುಂದಾಳಾಗಿ ದಿನವೂ ಬೆಳಿಗ್ಗೆ ಅರ್ಧ ತಾಸು ಕೊಟ್ಟರೆ ಸಾಕು. ಬರಿಗೈಯಲ್ಲಿ ಮುಟ್ಟದೆ ಕೈಗವಸು ಅಥವಾ ಚಿಮಟ ಬಳಸಬೇಕು, ಏಕೆಂದರೆ ಇಲಿಗಳಿಂದ ಬರುವ ಒಂದು ಜಂತು ಈ ಹುಳುಗಳ ದೇಹದಲ್ಲಿ ಇರಬಹುದಾಗಿದ್ದು, ಅದು ಮನುಷ್ಯರ ಮಿದುಳಿನ ಪೊರೆಗೆ ಬಾವು ತರಬಲ್ಲದು. ಇದೇ ಕಾರಣಕ್ಕೆ ಹಿತ್ತಲಿನ ಕೊತ್ತಂಬರಿ, ಮೆಂತ್ಯ ಸೊಪ್ಪನ್ನು ಚೆನ್ನಾಗಿ ತೊಳೆಯದೆ ಹಸಿಯಾಗಿ ತಿನ್ನಬಾರದು. ಆರಿಸಿದವುಗಳನ್ನು ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ಸುಣ್ಣ ಉದುರಿಸಿ ಆಳವಾಗಿ ಹೂಳಬೇಕು. ಉಪ್ಪನ್ನು ನೇರವಾಗಿ ಮಡಿಗಳ ಮೇಲೆ ಚೆಲ್ಲಿದರೆ ಹುಳುವಿನ ಜೊತೆ ಮಣ್ಣೂ ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗಳಿಗೆ ಮಾರಕ, ಸಾಕುಪ್ರಾಣಿಗಳಿರುವ ಮನೆಗೆ ಬೇಡ.

ನುಗ್ಗೆಯ ಕಂಬಳಿಹುಳುಗಳು ಹಗಲು ಕಾಂಡದ ಮೇಲೆ ಕಂಬಳಿ ಹಾಸಿದಂತೆ ಒಂದೇ ಕಡೆ ಗುಂಪುಗೂಡುತ್ತವೆ. ಆಗ ಉದ್ದ ಕೋಲಿನ ಪೊರಕೆಯಿಂದ ಸಾಬೂನಿನ ನೀರಿರುವ ಬಕೆಟ್ಟಿಗೆ ಕೆಡವಿದರೆ ಕೆಲಸ ಮುಗಿಯಿತು. ಕೂದಲು ತಾಗಿದರೆ ಮೈಯೆಲ್ಲ ತುರಿಸಿ ದದ್ದು ಏಳುವುದರಿಂದ ತುಂಬು ತೋಳಿನ ಅಂಗಿ ಇರಲಿ, ಮರವನ್ನು ಅಲುಗಾಡಿಸುವುದು ಬೇಡ. ಮರದ ಕೆಳಗೆ ಆಡುವ ಮಕ್ಕಳಿದ್ದರೆ ಇದನ್ನು ಮೊದಲ ಭಾನುವಾರದ ಬೆಳಿಗ್ಗೆಯೇ ಮಾಡಿರಿ.

ಕೊನೆಗೆ ಉಳಿದದ್ದು ದಾಸವಾಳ, ಪಪ್ಪಾಯಿಗಳ ಬಿಳಿ ಹಿಟ್ಟುತಿಗಣೆ. ಇದನ್ನು ಕೊನೆಗಿಟ್ಟದ್ದು ಉದಾಸೀನದಿಂದಲ್ಲ. ಒಣ ಹವೆಯಲ್ಲಿ ಹೆಚ್ಚುವ ಹುಳು ಇದು, ಆರಿದ್ರಾ ಮಳೆ ಜಡಿಯತೊಡಗಿದರೆ ಬಹಳಷ್ಟು ತೊಳೆದು ಹೋಗುತ್ತದೆ. ಅಷ್ಟರೊಳಗೆ ಕಾಂಡದ ಮೇಲೆ ಸಾಲುಗಟ್ಟಿರುವ ಇರುವೆಗಳನ್ನು ಗಮನಿಸಿರಿ. ಹಿಟ್ಟುತಿಗಣೆ ಸೂಸುವ ಸಿಹಿಯಂಟಿನ ಆಸೆಗೆ ಇರುವೆಗಳು ಅದನ್ನು ಕಾವಲು ಕಾಯುತ್ತವೆ, ತಿನ್ನಲು ಬರುವ ಗುಲಗಂಜಿಹುಳುಗಳನ್ನು ಓಡಿಸುತ್ತವೆ. ಇರುವೆಯ ದಾರಿ ಕಡಿದ ಮೇಲೆ ಉಳಿದದ್ದನ್ನು ಆ ಗುಲಗಂಜಿಹುಳುಗಳೇ ನೋಡಿಕೊಳ್ಳುತ್ತವೆ. ಹೆಚ್ಚು ಮುತ್ತಿದ ರೆಂಬೆಗಳನ್ನು ಕತ್ತರಿಸಿ ಸುಟ್ಟು, ಉಳಿದವಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿರಿ.

ಎಲ್ಲಕ್ಕೂ ಒಂದೇ ಔಷಧ ಹೊಡೆಸುವ ಆಲೋಚನೆಗೆ ನನ್ನ ದೊಡ್ಡ ತಕರಾರು ಇರುವುದೂ ಇಲ್ಲಿಯೇ. ಪಪ್ಪಾಯಿಯ ಹಿಟ್ಟುತಿಗಣೆ ನಮ್ಮ ದೇಶದ್ದಲ್ಲ. ಮಧ್ಯ ಅಮೆರಿಕದ ಕಡೆಯಿಂದ ಬಂದ ಅದು 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. ಎಷ್ಟು ಔಷಧ ಹೊಡೆದರೂ ಬಗ್ಗದ ಅದನ್ನು ಹತೋಟಿಗೆ ತಂದದ್ದು, 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ ಬೆಂಗಳೂರಿನಲ್ಲಿ ಬೆಳೆಸಿ ಬಿಡುಗಡೆ ಮಾಡಿದ ಒಂದು ಪುಟ್ಟ ಪರಾವಲಂಬಿ ಕಣಜ. ಹಿತ್ತಲಿಗೆ ಕಂಡಕಂಡಲ್ಲಿ ಕೀಟನಾಶಕ ಹೊಡೆಸಿದರೆ ಇಂತಹ ಕಣಜ, ಗುಲಗಂಜಿಹುಳು, ಜೇಡಗಳೆಲ್ಲ ಮೊದಲು ಸಾಯುತ್ತವೆ. ಬ್ಯಾರಲಿನ ಒಳಗಿನ ಸೊಳ್ಳೆಹುಳು, ಬಿಲದೊಳಗಿನ ಇಲಿ, ಗೋಡೆಯೊಳಗಿನ ಗೆದ್ದಲು ಮೂರೂ ಸುರಕ್ಷಿತವಾಗಿಯೇ ಇರುತ್ತವೆ.

ಪ್ರಶ್ನೆ: ಸಂಜೆ ದೀಪ ಹಾಕಿದರೆ ಬಗೆಬಗೆಯ ಹುಳಗಳು ಬರುತ್ತವೆ. ಅವುಗಳಲ್ಲಿ ಮೊದಲು ಯಾವುದಕ್ಕೆ ಹೆದರಬೇಕು? ಮೊನ್ನೆ ಮಗನ ಕುತ್ತಿಗೆಯ ಮೇಲೆ ಸುಟ್ಟಂತಹ ಗೆರೆ ಮೂಡಿತ್ತು.

– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಹೆಚ್ಚಿನವು ನಿರುಪದ್ರವಿಗಳು. ನೀವು ಹೇಳಿದ ಗೆರೆಯನ್ನು ನೋಡಿದರೆ, ಜನ ಆಸಿಡ್ ಹುಳ ಎಂದು ಕರೆಯುವ, ಇರುವೆಗಿಂತ ತುಸು ಉದ್ದನೆಯ, ಕಪ್ಪು ಮತ್ತು ಕಿತ್ತಳೆ ಬಣ್ಣಗಳು ಒಂದಾದ ಮೇಲೊಂದು ಇರುವ ಹುಳದ ಮೇಲೆ ಸಂಶಯ ಬರುತ್ತದೆ. ಅದು ಕಡಿಯುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮೈಮೇಲೆ ಕೂತಾಗ ನಾವು ಅರಿವಿಲ್ಲದೆ ಉಜ್ಜಿ ಕೊಂದರೆ ಅದರೊಳಗಿನ ರಸ ಚರ್ಮಕ್ಕೆ ತಾಗಿ, ಒಂದೆರಡು ದಿನದಲ್ಲಿ ಉರಿ, ಗುಳ್ಳೆ ಏಳುತ್ತವೆ. ಆದ್ದರಿಂದ ಹುಳವನ್ನು ಊದಿ ಅಥವಾ ಕಾಗದದ ಮೇಲೆ ಹತ್ತಿಸಿ ದೂರ ಸರಿಸಬೇಕು, ತಾಗಿದ ಜಾಗವನ್ನು ತಡಮಾಡದೆ ಸಾಬೂನಿನಿಂದ ತೊಳೆಯಬೇಕು, ಅದೇ ಕೈಯಿಂದ ಕಣ್ಣು ಉಜ್ಜಿಕೊಳ್ಳಬಾರದು. ಕಣ್ಣಿಗೆ ತಾಗಿದರೆ ಅಥವಾ ಗುಳ್ಳೆ ಕೀವಾದರೆ ವೈದ್ಯರಿಗೆ ತೋರಿಸಿರಿ. ಹಾಸಿಗೆಯ ನೇರ ಮೇಲಿರುವ ದೀಪವನ್ನು ಮಳೆಗಾಲ ಮುಗಿಯುವವರೆಗೆ ಹಾಕದಿರುವುದು, ಅಂಗಳದ ಬಿಳಿ ದೀಪವನ್ನು ಬದಲಿಸಿ ಹಳದಿ ದೀಪ ಹಾಕುವುದು ಇವೆರಡು ಕಿಟಕಿಗೆ ಜಾಳಿಗೆ ಹಾಕಿಸುವ ಮುಂಚೆ ಮಾಡಬಹುದಾದ ಅಗ್ಗದ ಉಪಾಯಗಳು.

ಪ್ರಶ್ನೆ: ಬೇವಿನ ಕಷಾಯ ಒಂದೇ ಇದ್ದರೆ ಹಿತ್ತಲಿನ ಎಲ್ಲ ಹುಳುಗಳಿಗೂ ಸಾಕು ಎನ್ನುತ್ತಾರೆ. ಹೌದೇ?

– ಓದುಗರೊಬ್ಬರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಇಲ್ಲ. ಎಲೆ ತಿನ್ನುವ, ರಸ ಹೀರುವ ಹುಳುಗಳಿಗೆ ಅದು ಒಳ್ಳೆಯ ಮೊದಲ ಉಪಾಯ. ಇಲಿಗೆ, ಬಸವನಹುಳುವಿಗೆ, ಚೌಕಟ್ಟು ಹಿಡಿದ ಗೆದ್ದಲಿಗೆ ಅದನ್ನು ನಂಬಿ ಕೂರಬಾರದು. ಬೇವಿನ ಹಣ್ಣು ಉದುರುವುದು ಈಗಲೇ ಆದ್ದರಿಂದ ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ತುಂಬಿಡಿರಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಸು ಹಿಡಿಯುತ್ತದೆ. ಬೇಕಾದಾಗ ಸಿಪ್ಪೆ ತೆಗೆದ 50 ಗ್ರಾಂ ಬೀಜವನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟು, ಬೆಳಿಗ್ಗೆ ಹಿಂಡಿ ಸೋಸಿ, ಚೂರು ಸಾಬೂನು ಕರಗಿಸಿದರೆ ಶೇಕಡಾ 5ರ ಕಷಾಯ ಸಿದ್ಧ. ಬಿಸಿಲಿಗೆ ಅದರ ಶಕ್ತಿ ಬೇಗ ಕುಗ್ಗುವುದರಿಂದ ಸಂಜೆ, ಎಲೆಯ ಕೆಳಭಾಗಕ್ಕೆ ತಾಗುವಂತೆ ಸಿಂಪಡಿಸಬೇಕು. ಮೋಡ ಕವಿದಿದ್ದರೆ ಆ ದಿನ ಬಿಟ್ಟುಬಿಡಿರಿ, ಸಿಂಪಡಿಸಿದ ಬೆನ್ನಿಗೇ ಮಳೆ ಬಂದರೆ ದಂಡವಾಗುತ್ತದೆ. ಒಮ್ಮೆ ಮಾಡಿದ ಕಷಾಯವನ್ನು ನಾಳೆಗೆಂದು ಉಳಿಸಿಡಬೇಡಿರಿ.